ವಿಭೂತಿ, ಡ್ರಮ್ಮು ಮತ್ತು ಕೇಳದೆ ಉಳಿದ ಕೊನೆಯ ಹಾಡು

ಕೆಲವರಿಗೆ ಎಲ್ಲಿಗೆ ಹೋದರೂ ನೆಂಟರು ಸಿಗುತ್ತಾರೆ. ಕೆಲವರಿಗೆ ಹಳೇ ಮೇಷ್ಟ್ರು ಸಿಗುತ್ತಾರೆ. ನನಗೆ ಸಿಗುವವರೆಲ್ಲ ನನ್ನನ್ನು ನೋಡಿ ಬೆಚ್ಚಿಬೀಳುವವರು. ಅವರು ಬೆಚ್ಚಿದ್ದು ನೋಡಿ ನಾನು ಬೆಚ್ಚುತ್ತೇನೆ. ಮೂವತ್ತು ವರ್ಷದಿಂದ ಇದೇ ನಡೆದುಕೊಂಡು ಬಂದಿದೆ.

ನಾನು ದಾವಣಗೆರೆ ಕಡೆಯವನು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಳ್ಳುವ ತನಕ ಕಾಫಿ ಲೋಟವನ್ನೂ ಮುಟ್ಟುವವನಲ್ಲ. ಮೀಸೆ ಸ್ವಲ್ಪ ದಪ್ಪ. ಇಂಥ ನನಗೆ ಕ್ರಿಶ್ಚಿಯನ್ ರಾಕ್ ಕಾರ್ಯಕ್ರಮಗಳ ಹುಚ್ಚು. ಚರ್ಚಿನ ಹುಡುಗರು ಗಿಟಾರು, ಡ್ರಮ್ಮು, ಹೊಗೆ, ಬಣ್ಣದ ದೀಪ ಎಲ್ಲ ಇಟ್ಟುಕೊಂಡು ಗಂಟಲು ಹರಿಯುವ ಹಾಗೆ ಯೇಸುವನ್ನು ಹಾಡಿ ಹೊಗಳುತ್ತಾರಲ್ಲ, ಅದು. ದೇವರನ್ನು ಅಷ್ಟು ಜೋರಾಗಿ ಕರೆಯಬಹುದು ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಡಲಾಗಲಿಲ್ಲ.

ಆದರೆ ಇದರಲ್ಲಿ ಒಂದು ನಾಚಿಕೆಯ ವಿಷಯವಿದೆ. ನನ್ನನ್ನು ಈ ಹುಚ್ಚಿಗೆ ಹಚ್ಚಿದ ಗೆಳೆಯನದೇ ಒಂದು ಬ್ಯಾಂಡಿದೆ. ಅದರ ಕಾರ್ಯಕ್ರಮ ಪ್ರತಿ ಸಲ ಒಂದೇ ಹಾಡಿನಿಂದ ಮುಗಿಯುತ್ತದೆ. ಆ ಹಾಡನ್ನು ಮೂವತ್ತು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದೇನೆ ಅಂತ ಅವನಿಗೆ ಸುಳ್ಳು ಹೇಳಿಕೊಂಡು ಬಂದಿದ್ದೆ.

೧. ಟ್ರಂಕು

ಐಟಿಐ ಮುಗಿಸಿ ಪೀಣ್ಯಕ್ಕೆ ಅಪ್ರೆಂಟಿಸ್ ಆಗಿ ಬಂದಾಗ ಬಾಗಲಗುಂಟೆಯಲ್ಲಿ ಒಂದು ರೂಮು ಹಿಡಿದೆ. ನನ್ನ ಜೊತೆ ಇದ್ದವನು ಕೆ.ಜಿ.ಎಫ್. ಕಡೆಯ ಕ್ರಿಶ್ಚಿಯನ್ ಹುಡುಗ, ಫಿಟ್ಟರ್. ಮೊದಲನೇ ಬೆಳಿಗ್ಗೆ ನಾನು ಮೂಲೆಯಲ್ಲಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿ ಮಂತ್ರ ಶುರು ಮಾಡಿದ್ದೆ. ಧಡ್ ಧಡ್ ಧಡಾರ್ ಅಂತ ಶಬ್ದವಾಯಿತು. ಚಾವಣಿಯೇ ಬಿತ್ತು ಅಂದುಕೊಂಡು ಕಣ್ಣು ಬಿಟ್ಟರೆ, ಅವನು ನನ್ನ ತಗಡಿನ ಟ್ರಂಕನ್ನು ಬೋರಲು ಹಾಕಿ ಎರಡು ಸ್ಪ್ಯಾನರಿನಿಂದ ಬಾರಿಸುತ್ತಿದ್ದ.

"ಏನ್ ಮಾಡ್ತಿದ್ದೀಯೋ?" ಅಂತ ಕೂಗಿದೆ.

"ಪ್ರಾರ್ಥನೆ ಮಚ್ಚಾ," ಅಂದ. "ನೀನು ನಿಂದು ಮಾಡ್ಕೋ, ನಾನು ನಂದು ಮಾಡ್ಕೋತೀನಿ."

ಒಂದು ವಾರ ಜಗಳವಾಡಿದೆವು. ಎರಡನೇ ವಾರ ಒಂದು ವಿಚಿತ್ರವಾಯಿತು. ನನ್ನ ಓಂ ನಮಃ ಶಿವಾಯ ಅವನ ಪೆಟ್ಟಿಗೆ ಸರಿಯಾಗಿ ಬೀಳತೊಡಗಿತು. ನಾನು ಎಲ್ಲಿ ಎಳೆಯುತ್ತೇನೋ ಅಲ್ಲಿ ಅವನೂ ಕಾಯುತ್ತಿದ್ದ. ಅವನು ಮೂರು ಸಲ ಕುಟ್ಟಿದರೆ ನಾನು ಶಿವಾಯ ಅನ್ನುವುದನ್ನು ಮೂರು ಸಲ ಏರಿಸಿ ಹೇಳುತ್ತಿದ್ದೆ. ಪೂಜೆ ಮುಗಿಯುವಷ್ಟರಲ್ಲಿ ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅದು ಆ ವರ್ಷ ಶುರುವಾದದ್ದು ಇವತ್ತಿಗೂ ನಿಂತಿಲ್ಲ.

ಮನೆಯ ಮಾಲೀಕರು ಆ ಊರಿನ ಹಳೇ ರೈತರು, ಹೊಲವಿದ್ದ ಕಡೆ ಸಾಲಾಗಿ ರೂಮು ಕಟ್ಟಿಸಿದ್ದವರು. ಒಂದು ಬೆಳಿಗ್ಗೆ ಬಾಗಿಲಿಗೆ ಬಂದು ನಿಂತರು.

"ಏನ್ರಪ್ಪಾ ಇದು, ದಿನಾ ಇಂಗೆ? ಒಬ್ಬ ಮಂತ್ರ ಯೋಳ್ತೀಯ, ಒಬ್ಬ ತಗಡು ಬಡೀತೀಯ. ಇದ್ಯಾವ್ ಪೂಜೆ?"

ನಾವಿಬ್ಬರೂ ಒಟ್ಟಿಗೆ, "ಬೇರೆ ಬೇರೆ ಪೂಜೆ ಅಣ್ಣ," ಅಂದೆವು.

ಅವರು ನಮ್ಮಿಬ್ಬರ ಮುಖವನ್ನೂ ನೋಡಿ ಹೊರಟುಹೋದರು. ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಒಂದು ಬೂದುಗುಂಬಳಕಾಯಿ ಎಲ್ಲ ಕಟ್ಟಿತ್ತು.

ಆಮೇಲೆ ಅವನು ಚರ್ಚಿನ ಹುಡುಗರ ಜೊತೆ ಸೇರಿ ಬ್ಯಾಂಡು ಮಾಡಿದ. ಮೊದಲನೇ ಕಾರ್ಯಕ್ರಮ ಒಂದು ಶಾಲೆಯ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ. ನನ್ನ ಪ್ರಾಣವೇ ನಡುಗಿಹೋಯಿತು. ನಮ್ಮ ಪ್ರೆಸ್ ಶಾಪಿನ ಯಂತ್ರಗಳಿಗೆಲ್ಲ ಒಟ್ಟಿಗೆ ಭಕ್ತಿ ಬಂದ ಹಾಗಿತ್ತು. ಆದರೆ ನನಗೆ ಎರಡು ಗಂಟೆಗೆ ಸೆಕೆಂಡ್ ಶಿಫ್ಟು. ಕೊನೇ ಹಾಡಿಗೆ ಮುಂಚೆಯೇ ಎದ್ದು ಓಡಿದೆ.

ಮಾರನೇ ದಿನ ಅವನು ಕಣ್ಣರಳಿಸಿಕೊಂಡು, "ಕೊನೇ ಹಾಡು ಹೆಂಗಿತ್ತು ಮಗಾ? ನಾನೇ ಮಾಡಿದ್ದು," ಅಂದ. ಇಲ್ಲ ಅನ್ನಲು ಮನಸ್ಸು ಬರಲಿಲ್ಲ.

"ಸಕ್ಕತ್ ಗುರು!" ಅಂದೆ.

ಅವನು ನನ್ನನ್ನೇ ಒಂದು ನಿಮಿಷ ನೋಡಿ, "ಅಷ್ಟೇನಾ?" ಅಂದ.

"ತುಂಬಾ ಸಕ್ಕತ್," ಅಂದೆ.

೨. ಮುಂದಿನ ಸಾಲು

ಅದಾಗಿ ಒಂದೆರಡು ವರ್ಷಕ್ಕೆ ವೈಟ್‌ಫೀಲ್ಡಿನ ಆಚೆ ಒಂದು ಬಯಲಿನಲ್ಲಿ ಅವರ ಕಾರ್ಯಕ್ರಮವಿತ್ತು. ಫ್ಯಾಕ್ಟರಿಯಿಂದ ನೇರ ಹೋಗಿ ಗೇಟಿನ ಹತ್ತಿರ ಕೈಕಟ್ಟಿಕೊಂಡು ನಿಂತು ಸ್ಟೇಜು ನೋಡುತ್ತಿದ್ದೆ. ಬಿಳಿ ಅಂಗಿಯ ಪಾಸ್ಟರೊಬ್ಬರು ದೂರದಿಂದ ನನ್ನ ಹಣೆ ನೋಡಿದರು, ಮೀಸೆ ನೋಡಿದರು, ಕೈಯಲ್ಲಿ ಒಂದು ನೀಲಿ ಫೈಲು ಹಿಡಿದು ಓಡಿಬಂದರು.

"ನಮಸ್ಕಾರ ಸಾರ್. ಎಲ್ಲಾ ಪರ್ಮಿಷನ್ ತಗೊಂಡಿದ್ದೀವಿ ಸಾರ್."

ನನಗೆ ಅರ್ಥವಾಗಲಿಲ್ಲ. ಅವರು ಒಂದೊಂದೇ ಕಾಗದ ತೆಗೆದು ತೋರಿಸಿದರು. ಪೊಲೀಸರದು, ಮೈಕಿನದು, ಫೈರ್‌ನವರದು, ಜನರೇಟರಿನದು. ಯಾರಾದರೂ ಕಾಗದ ಕೊಟ್ಟರೆ ಪೂರ್ತಿ ಓದುವುದು ನನ್ನ ಕೆಲಸದ ಚಾಳಿ. ನಿಧಾನವಾಗಿ ಎಲ್ಲವನ್ನೂ ಓದಿ, "ಜನರೇಟರಿಗೆ ಅರ್ತಿಂಗ್ ಎಲ್ಲಿ ಕೊಟ್ಟಿದ್ದೀರಿ?" ಅಂತ ಕೇಳಿದೆ.

ಪಾಸ್ಟರ ಮುಖ ಬಿಳಚಿಕೊಂಡಿತು. "ಕೊಡಿಸ್ತೀನಿ ಸಾರ್. ಈಗ್ಲೇ ಕೊಡಿಸ್ತೀನಿ."

ಪಾಪ, ಇವರು ನನ್ನನ್ನು ಗಲಾಟೆ ಮಾಡಲು ಬಂದವನು ಅಂದುಕೊಂಡಿದ್ದಾರೆ ಅಂತ ಆಗ ಹೊಳೆಯಿತು. ಸಮಾಧಾನ ಮಾಡೋಣವೆಂದು, "ಅಯ್ಯೋ ಇಲ್ಲ ಸಾರ್, ನಾನು ಡ್ರಮ್ ಬಾರಿಸೋ ಹುಡುಗನ್ನ ಚೆನ್ನಾಗಿ ಬಲ್ಲೆ. ಎಲ್ಲಿರ್ತಾನೆ, ಎಲ್ಲಿ ಕೆಲಸ ಮಾಡ್ತಾನೆ, ಎಲ್ಲಾ ಗೊತ್ತು," ಅಂದೆ. ಅವರ ಕೈಯಿಂದ ಫೈಲು ಕೆಳಗೆ ಬಿತ್ತು.

ನನ್ನನ್ನು ಮೊದಲನೇ ಸಾಲಿನಲ್ಲಿ, ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂರಿಸಿದರು. ನೀರಿನ ಬಾಟಲಿ ಬಂತು, ಪ್ಲಮ್ ಕೇಕು ಬಂತು. ಎರಡು ಕಡೆ ಇಬ್ಬರು ದಪ್ಪ ದಪ್ಪ ಸ್ವಯಂಸೇವಕರು ಕೂತು ಹಾಡು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಆಡಿಸಿದರೆ ಅವರು ಉಸಿರು ಬಿಡುತ್ತಿದ್ದರು. ಇನ್ನೇನು ಕೊನೇ ಹಾಡು ಅನ್ನುವಾಗ ಪಾಸ್ಟರು ಬಗ್ಗಿ, "ಸಾರ್, ಆಮೇಲೆ ಟ್ರಾಫಿಕ್ ಜಾಸ್ತಿ ಆಗತ್ತೆ, ನಮ್ಮ ಕಾರಲ್ಲೇ ಬಿಡ್ತೀವಿ," ಅಂದರು. ಬೇಡ ಬೇಡ ಅಂದರೂ ಕೇಳಲಿಲ್ಲ. ನಾಲ್ಕು ಜನ ಕೈಮುಗಿದು ನನ್ನನ್ನು ಕಾರಿಗೆ ಹತ್ತಿಸಿದರು.

ಮುಂದೆ ಗೆಳೆಯನೇ ಹೋಗಿ ನಿಜ ಹೇಳಿದ. ಪಾಸ್ಟರು ಹೊಟ್ಟೆ ಹಿಡಿದು ನಕ್ಕರು. ಆದರೂ ನನ್ನನ್ನು ಕಂಡ ಕೂಡಲೇ ಫೈಲು ಬಿಚ್ಚುವ ಅಭ್ಯಾಸ ಅವರಿಗೆ ಹೋಗಲೇ ಇಲ್ಲ. ಸುದ್ದಿ ಬೇರೆ ಚರ್ಚುಗಳಿಗೂ ಹಬ್ಬಿ ನಾನು ಎಲ್ಲಿ ಹೋದರೂ ಮೊದಲನೇ ಸಾಲು ಮತ್ತು ಕೇಕು ಗ್ಯಾರಂಟಿಯಾಯಿತು. ವಿಭೂತಿಗೆ ಅಷ್ಟು ಮರ್ಯಾದೆ ನಮ್ಮೂರಿನ ಮಠದಲ್ಲೂ ನನಗೆ ಸಿಕ್ಕಿರಲಿಲ್ಲ.

೩. ಪ್ರಸಾದ

ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ನನ್ನಾಕೆಯೂ ದಾವಣಗೆರೆಯವಳೇ. ಮದುವೆಯಾದ ಮೊದಲ ವಾರದಲ್ಲೇ, "ಪೂಜಿ ಮಾಡೋವಾಗ ಕಾಲ್ ಯಾಕ್ರೀ ಕುಣಸ್ತೀರಿ? ನಮ್ಮ ಅಪ್ಪಾರು ಹಿಂಗ ಮಾಡಂಗಿಲ್ಲ," ಅಂತ ಕೇಳಿದ್ದಳು. ಅಭ್ಯಾಸ ಅಂದೆ. ಕಾರ್ಯಕ್ರಮಗಳಿಗೆ ಹೋಗುವುದನ್ನು ಹೇಳಿದಾಗ ಒಂದು ದಿನ ಮಾತು ಬಿಟ್ಟಳು. ಆಮೇಲೆ, "ಕುಡಿಯಾಕ ಹೋಗೋದಕ್ಕಿಂತ ಚಲೋ ಬಿಡ್ರಿ," ಅಂದಳು.

ಆ ಸಲ ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಒಂದು ಹಾಲಿನಲ್ಲಿ ಕಾರ್ಯಕ್ರಮ. ಹೊರಗಿನಿಂದ ಬಂದ ಬೋಧಕರೊಬ್ಬರು ಕೊನೇ ಹಾಡಿಗೆ ಮುಂಚೆ ಇಂಗ್ಲಿಷಿನಲ್ಲಿ ಏನೋ ಹೇಳಿ ಎರಡೂ ಕೈ ಚಾಚಿದರು. ಜನ ಒಬ್ಬೊಬ್ಬರೇ ಎದ್ದು ಸ್ಟೇಜಿನ ಹತ್ತಿರ ಸಾಲಾಗಿ ಹೋದರು. ಹುಟ್ಟಿದಾಗಿನಿಂದ ನಾನು ಕಂಡದ್ದು ಒಂದೇ. ಪೂಜೆಯ ಕೊನೆಗೆ ಜನ ಎದ್ದು ಮುಂದೆ ಹೋದರೆ ಅದು ಮಂಗಳಾರತಿಗೆ, ಪ್ರಸಾದಕ್ಕೆ. ಕೂತೇ ಇದ್ದರೆ ದೇವರಿಗೆ ಅವಮರ್ಯಾದೆ. ನಾನೂ ಎದ್ದು ಕೈ ಬೊಗಸೆ ಮಾಡಿಕೊಂಡು ನಿಂತೆ.

ಬೋಧಕರು ನನ್ನ ಬೊಗಸೆ ನೋಡಿದರು, ಹಣೆ ನೋಡಿದರು. ಅವರ ಕಣ್ಣಲ್ಲಿ ಬಳಬಳ ನೀರು ಬಂತು. ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಯಾರು ಹಾಗೆ ತಲೆ ಮುಟ್ಟಿದರೂ ನನಗೂ ಅಳು ಬರುತ್ತದೆ, ಬಂತು. ಆಮೇಲೆ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಒಂದು ಫಾರಂ ಕೊಟ್ಟರು. ಹೆಸರು, ವಿಳಾಸ, ಮನೆಯಲ್ಲಿರುವವರು. ದೇವಸ್ಥಾನದಲ್ಲಿ ಸೇವೆ ಬರೆಸಿದರೆ ಪ್ರಸಾದ ಅಂಚೆಯಲ್ಲಿ ಬರುತ್ತದಲ್ಲ, ಹಾಗೇ ಅಂದುಕೊಂಡು ಪಿನ್‌ಕೋಡಿನ ಸಮೇತ ದುಂಡಗೆ ಬರೆದೆ. ಇದು ಮುಗಿಯುವಷ್ಟರಲ್ಲಿ ಹಾಲಿನೊಳಗೆ ಕೊನೇ ಹಾಡೂ ಮುಗಿದು ಚಪ್ಪಾಳೆ ಬೀಳುತ್ತಿತ್ತು.

ಮುಂದಿನ ಭಾನುವಾರ ನಮ್ಮ ಮಾವನವರು ಬಂದಿದ್ದರು. ಹಣೆ, ತೋಳು, ಎದೆ ಎಲ್ಲ ಕಡೆ ವಿಭೂತಿ ಧರಿಸಿ, ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬೆಲ್ಲಾಯಿತು. ಬಾಗಿಲಲ್ಲಿ ಮೂರು ಜನ. ಇಬ್ಬರು ಹೆಂಗಸರು, ಒಬ್ಬರು ಗಂಡಸು, ಕೈಯಲ್ಲಿ ಒಂದು ಬೈಬಲ್ಲು ಮತ್ತು ಹೂವಿನ ಗುಚ್ಛ.

"ಬ್ರದರ್ ಇದ್ದಾರಾ?" ಅಂದರು.

"ಯಾವ ಬ್ರದರ್ರಿ?" ಅಂದರು ಮಾವನವರು.

"ಹೊಸದಾಗಿ ಬಂದ ಬ್ರದರ್," ಅಂದು ನನ್ನ ಫಾರಂ ತೋರಿಸಿದರು.

ಮಾವನವರು ತಮ್ಮ ಅಳಿಯನ ದುಂಡನೆಯ ಅಕ್ಷರವನ್ನು ಎರಡು ಸಲ ಓದಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ಬೆವರುತ್ತಿದ್ದೆ. ಇವತ್ತಿಗೆ ನನ್ನ ಸಂಸಾರ ಮುಗಿಯಿತು ಅಂದುಕೊಂಡೆ. ನನ್ನಾಕೆ ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹೋದಳು.

"ಬರ್ರಿ, ಕುಂದರ್ರಿ. ಇವರು ಪ್ರಸಾದ ಅಂತ ತಿಳ್ಕಂಡು ಸಾಲಿನಾಗ ನಿಂತಿದ್ರಂತ. ಇವರು ಎಲ್ಲಿ ಸಾಲು ಕಂಡ್ರೂ ನಿಂದರ್ತಾರ. ಮಂಡಕ್ಕಿ ಮೆಣಸಿನಕಾಯಿ ಮಾಡೀನಿ, ತಿಂದು ಹೋಗ್ರಿ."

ಮೂರು ಜನರೂ ದಂಗಾಗಿ ಕೂತರು. ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ. ಮೊದಲನೇ ಬಜ್ಜಿಗೆ ಅವರ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಮಾವನವರು ತಾವೇ ಎದ್ದು ಮಜ್ಜಿಗೆ ತಂದುಕೊಟ್ಟರು. ಹೋಗುವಾಗ ಆ ಗಂಡಸು ಬಾಗಿಲಲ್ಲಿ ನಿಂತು, "ಸಿಸ್ಟರ್, ಇದು ಪ್ರತಿ ಭಾನುವಾರ ಇರತ್ತಾ?" ಅಂತ ಕೇಳಿದರು. ನನ್ನ ಮನಸ್ಸು ಬದಲಾಯಿಸಲು ಬಂದವರು ಆಮೇಲೆ ಎರಡು ವರ್ಷ ತಪ್ಪದೆ ಬಂದರು, ಬೈಬಲ್ಲನ್ನು ಮಾತ್ರ ತಮ್ಮ ಮನೆಯಲ್ಲೇ ಬಿಟ್ಟು.

೪. ವಿಸಿಟರ್ ಪಾಸು

ಇನ್ನೊಂದು ಸಲ ಕಾರ್ಯಕ್ರಮ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಆಡಿಟೋರಿಯಂನಲ್ಲಿ. ಗೇಟಿನಲ್ಲಿ ಲೋಹದ ವಸ್ತುಗಳನ್ನೆಲ್ಲ ಟ್ರೇಯಲ್ಲಿ ಇಡಬೇಕು. ನಾನು ಕೀ ಇಟ್ಟೆ, ಬೆಲ್ಟ್ ಇಟ್ಟೆ, ಆದರೂ ಮೆಟಲ್ ಡಿಟೆಕ್ಟರಿನ ಕುಂಯ್ ಕುಂಯ್ ನಿಲ್ಲಲಿಲ್ಲ. ಕತ್ತಿನಲ್ಲಿದ್ದ ಬೆಳ್ಳಿಯ ಕರಡಿಗೆ, ಅಂದರೆ ಲಿಂಗವಿಟ್ಟುಕೊಳ್ಳುವ ಭರಣಿ, ಕೂಗುತ್ತಿತ್ತು.

ಗಾರ್ಡು ಆನೇಕಲ್ ಕಡೆಯ ಮನುಷ್ಯ. "ಅದುನ್ನೂ ತೆಗ್ದು ಟ್ರೇನಾಗ್ ಆಕಿ ಸಾ," ಅಂದ.

"ಆಗಲ್ಲಪ್ಪ, ಇದು ದೇವರು. ಬೆಲ್ಟ್ ಜೊತೆ ಟ್ರೇಯಲ್ಲಿ ಇಡಕ್ಕಾಗಲ್ಲ."

ಅವನಿಗೂ ದಿಗಿಲಾಯಿತು. ದೇವರಿಗೆ ಕೈ ಹಾಕುವಂತಿಲ್ಲ, ಬಿಟ್ಟರೆ ಕೆಲಸ ಹೋಗುತ್ತದೆ. ಹಿಂದೆ ನಲವತ್ತು ಜನ ಗೊಣಗುತ್ತಿದ್ದರು. ತಲೆ ಕೆರೆದುಕೊಂಡು ವಾಕಿಟಾಕಿ ತೆಗೆದ. "ಸಾ, ಒಬ್ರು ದ್ಯಾವ್ರುನ್ನ ಕತ್ತಿಗೆ ಆಕ್ಕೊಂಡು ಬಂದವ್ರೆ. ಒಳಗೆ ಇನ್ನೊಂದ್ ದ್ಯಾವ್ರು ಪ್ರೋಗ್ರಾಂ ನಡೀತಾ ಅದೆ. ಏನ್ ಮಾಡ್ಲಿ?"

ಆ ಕಡೆಯಿಂದ, "ಯಾರೇ ಬಂದ್ರೂ ವಿಸಿಟರ್ ಪಾಸ್ ಮಾಡು," ಅಂತ ಉತ್ತರ ಬಂತು.

ಗಾರ್ಡು ನಿಯಮ ಅಂದರೆ ನಿಯಮ ಅನ್ನುವವನು. ರಿಜಿಸ್ಟರ್ ತೆಗೆದು ಬಲು ಭಕ್ತಿಯಿಂದ ಬರೆದುಕೊಂಡ. ವಿಸಿಟರ್ ಹೆಸರು: ಶಿವಪ್ಪ. ಯಾರನ್ನು ನೋಡಬೇಕು: ಯೇಸಪ್ಪ. ಉದ್ದೇಶ: ಪರ್ಸನಲ್. ಲ್ಯಾಪ್‌ಟಾಪ್: ಇಲ್ಲ. ಒಂದು ಪಾಸು ಹರಿದು ನನ್ನ ಕರಡಿಗೆಯ ದಾರಕ್ಕೆ ಸಿಕ್ಕಿಸಿ ಕೈಮುಗಿದು ಒಳಗೆ ಬಿಟ್ಟ.

ಕೊನೇ ಹಾಡು ಇನ್ನೇನು ಶುರುವಾಗಬೇಕಿತ್ತು. ಗೆಳೆಯ ಕೋಲು ಮೇಲೆತ್ತಿದ್ದ. ಅದೇ ಗಾರ್ಡು ಬಗ್ಗಿಕೊಂಡು ಸಾಲಿನೊಳಗೆ ಬಂದ.

"ಸಾ, ನೀವು ಕೂತ್ಕಳಿ, ನಿಮ್ದು ಟಿಕೇಟ್ ಐತೆ. ಆದ್ರೆ ದ್ಯಾವ್ರು ಪಾಸು ಐದ್ ಗಂಟೆಗೆ ಮುಗೀತು."

೫. ಕಿವಿ

ಕಳೆದ ವರ್ಷ ನಮ್ಮ ಕಾರ್ಖಾನೆಯಲ್ಲಿ ಎಲ್ಲರ ಕಿವಿ ಪರೀಕ್ಷೆ ನಡೆಯಿತು. ಡಾಕ್ಟರು ನನ್ನ ಎಡಗಿವಿಯ ಗ್ರಾಫ್ ನೋಡಿ, "ಇದು ಕಡಿಮೆ ಆಗ್ತಾ ಇದೆ ಕಣ್ರೀ. ಪ್ರೆಸ್ ಶಾಪಲ್ಲಿ ಕಿವಿಗೆ ಮಫ್ ಹಾಕಲ್ವಾ?" ಅಂದರು.

"ತಪ್ಪದೆ ಹಾಕ್ತೀನಿ ಸಾರ್."

"ಹಾಗಾದ್ರೆ ಜೋರು ಶಬ್ದ ಬೇರೆ ಎಲ್ಲಿ?"

"ಭಾನುವಾರ ಕ್ರಿಶ್ಚಿಯನ್ ರಾಕ್ ಕೇಳಕ್ಕೆ ಹೋಗ್ತೀನಿ ಸಾರ್. ಸ್ಪೀಕರ್ ಮುಂದೆ ಮೊದಲ್ನೇ ಸಾಲಲ್ಲಿ ಕೂರಿಸ್ತಾರೆ."

ಡಾಕ್ಟರು ಕನ್ನಡಕ ತೆಗೆದು ನನ್ನ ಹಣೆಯನ್ನು ನೋಡಿ, ನರ್ಸಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಕಿವಿ ಆಯ್ತು. ಇವರ ಬಿಪಿನೂ ಒಂದ್ಸಲ ನೋಡಿ."

ನಗುತ್ತಲೇ ಹೊರಗೆ ಬಂದೆ, ಆದರೆ ಗೇಟಿನ ತನಕ ನಡೆಯುವಷ್ಟರಲ್ಲಿ ನಗು ಹೋಯಿತು. ಆ ಹಾಡನ್ನು ಗೆಳೆಯ ರೆಕಾರ್ಡ್ ಮಾಡಲು ಬಿಟ್ಟವನಲ್ಲ. ಎದುರಿಗೆ ಕೇಳಬೇಕು ಅನ್ನುತ್ತಾನೆ. ಯಾರಾದರೂ ಫೋನ್ ಎತ್ತಿದರೆ ಬಾರಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಾ ಕೂರುತ್ತಾನೆ. ಕೇಳದೆ ಕೇಳಿದೆನೆಂದು ಮೂವತ್ತು ವರ್ಷ ಸುಳ್ಳು ಹೇಳಿದ್ದೇನೆ. ಇನ್ನು ನಿಜವಾಗಿ ಕೇಳಲು ಕಿವಿಯೇ ಇಲ್ಲದಿದ್ದರೆ? ನನಗೆ ಭಯವಾಯಿತು.

೬. ಕೊನೆಯ ಹಾಡು

ಭಯ ಇನ್ನೂ ಹಸಿಯಾಗಿರುವಾಗಲೇ ಗೆಳೆಯ ಫೋನ್ ಮಾಡಿದ. "ಮಗಾ, ನನ್ನ ಭುಜ ಹೋಯ್ತು. ಡಾಕ್ಟ್ರು ಇನ್ನು ಬಾರಿಸ್ಬೇಡ ಅಂದ್ರು. ಬರೋ ಭಾನುವಾರ ಮಧ್ಯಾಹ್ನ ಜಿಗಣೀಲಿ ಕೊನೇ ಪ್ರೋಗ್ರಾಂ."

ಅವನಿಗೆ ಭುಜ, ನನಗೆ ಕಿವಿ. ಇನ್ನೊಂದು ಸಲ ಅನ್ನುವುದೇ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನಾಕೆಗೆ ಎಲ್ಲವನ್ನೂ ಹೇಳಿದೆ, ಸುಳ್ಳಿನ ವಿಷಯವನ್ನೂ. ಅವಳು ಹುಳಿ ಬಡಿಸುವುದನ್ನು ನಿಲ್ಲಿಸಿ, "ಮೂವತ್ತು ವರ್ಷ?" ಅಂದಳು. ಆಮೇಲೆ, "ಈ ಸಲ ನಾ ಬರ್ತೀನಿ. ಕಡೀ ಹಾಡು ಮುಗಿಯೋ ತನಕ ನೀವು ಹೆಂಗ ಏಳ್ತೀರಿ ನೋಡ್ತೀನಿ," ಅಂದಳು.

ಅವಳು ಹೇಳಿದಂತೆ ಮಾಡಿದಳು. ನನ್ನ ಫೋನ್ ಕಿತ್ತು ತನ್ನ ಚೀಲದಲ್ಲಿ ಹಾಕಿಕೊಂಡಳು. ಪಾಸ್ಟರು ಫೈಲು ಹಿಡಿದು ಓಡಿಬಂದಾಗ, "ಕಾಗದ ಎಲ್ಲಾ ಸರಿ ಅದಾವ್ರಿ, ಕಾರು ಗೀರು ಏನೂ ಬ್ಯಾಡ," ಅಂದಳು. ಬೋಧನೆ ಮುಗಿದು ಜನ ಸಾಲಾಗಿ ಎದ್ದಾಗ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಇನ್ನು ಉಳಿದದ್ದು ಒಂದೇ ಹಾಡು. ಗೆಳೆಯ ಕೋಲು ಮೇಲೆತ್ತಿದ. ಕರೆಂಟು ಹೋಯಿತು.

ಗಿಟಾರು ಸತ್ತಿತು, ಮೈಕು ಸತ್ತಿತು, ಫ್ಯಾನು ನಿಂತಿತು. ಜನರೇಟರು ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ಪಾಸ್ಟರು ನನ್ನ ಮುಂದೆ ಬಂದು ನಿಂತರು. "ಸಾರ್, ಅರ್ತಿಂಗ್ ಇದೆ ಸಾರ್. ಆದ್ರೆ ಸ್ಟಾರ್ಟ್ ಆಗ್ತಿಲ್ಲ."

"ಏಳಬ್ಯಾಡ್ರಿ!" ಅಂದಳು ನನ್ನಾಕೆ.

ಸ್ಟೇಜಿನ ಮೇಲೆ ಗೆಳೆಯ ಎತ್ತಿದ ಕೋಲು ಇಳಿಸದೆ ಕೂತಿದ್ದ. ಆ ನೋಯುವ ಭುಜ. ನಾನು ಕೂತರೆ ಅವನ ಕೊನೇ ಹಾಡು ಯಾರಿಗೂ ಇಲ್ಲ. ಎದ್ದರೆ ನನಗೊಬ್ಬನಿಗೆ ಇಲ್ಲ. ನನ್ನಾಕೆಯೂ ಅವನನ್ನು ನೋಡಿದಳು. ಮಣಿಕಟ್ಟು ಬಿಟ್ಟಳು.

ಹೊರಗೆ ಹೋಗಿ ನೋಡಿದರೆ ಡೀಸೆಲ್ ಪೈಪಿನ ಕ್ಲಿಪ್ಪು ಮುರಿದು ಗಾಳಿ ಸೇರಿಕೊಂಡಿತ್ತು. ಗಾಳಿ ತೆಗೆದೆ, ಸ್ಟಾರ್ಟ್ ಆಯಿತು. ಆದರೆ ಕೈ ಬಿಟ್ಟರೆ ಪೈಪು ಕಳಚುತ್ತಿತ್ತು. ಹಾಗಾಗಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತೆ. ತೆರೆದ ಜನರೇಟರು ಕಿವಿಯ ಪಕ್ಕದಲ್ಲಿ ಗುಡುಗುತ್ತಿತ್ತು. ದೂರದ ಬಾಗಿಲಿನಿಂದ ಹಾಲಿನ ಒಳಗೆ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಜನ ಎದ್ದು ನಿಂತಿದ್ದರು, ಕೈ ಎತ್ತಿದ್ದರು. ಎಲ್ಲರ ನಡುವೆ ನನ್ನಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿ ತುಂಬ ಹಾಡುತ್ತಿದ್ದಳು. ಇವಳಿಗೆ ಈ ಹಾಡು ಹೇಗೆ ಗೊತ್ತು? ನನ್ನ ಕೈಯಿಂದ ಪೈಪು ಜಾರುವುದರಲ್ಲಿತ್ತು.

ಎಲ್ಲ ಮುಗಿದ ಮೇಲೆ ಜನರೇಟರು ಆರಿಸಿದೆ. ಗೆಳೆಯ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದ, ಹಿಂದೆ ಪಾಸ್ಟರು.

"ಹೆಂಗಿತ್ತು ಮಗಾ?"

ಮೂವತ್ತು ವರ್ಷದ ನಾಲಿಗೆ, ತಾನಾಗಿ ಹೊರಳಿತು. "ಸಕ್ಕತ್ ಗುರು!"

ಡೀಸೆಲಿನಲ್ಲಿ ಮಿಂದು ನಿಂತಿದ್ದೆ ನಾನು. ನನ್ನಾಕೆ ಅಷ್ಟರಲ್ಲಿ ಬಂದವಳು ಹಣೆ ಚಚ್ಚಿಕೊಂಡಳು. "ಏನ್ ಸಕ್ಕತ್ರೀ? ಅಣ್ಣಾರ, ಇವರು ಕೇಳಿಲ್ಲ. ಇವತ್ತೂ ಕೇಳಿಲ್ಲ, ಯಾವತ್ತೂ ಕೇಳಿಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗೆಳೆಯ ಮಾತ್ರ ನಗುತ್ತಿದ್ದ. "ಗೊತ್ತಮ್ಮಾ. ಮೊದಲ್ನೇ ದಿನಾನೇ ಗೊತ್ತಾಯ್ತು."

"ಹೆಂಗೋ?" ಅಂದೆ. ಅವನು ನನ್ನಾಕೆಯ ಕಡೆ ತಿರುಗಿ, "ನೀವು ಹಾಡ್ತಾ ಇದ್ರಲ್ಲ, ಪದ ಹೆಂಗ್ ಗೊತ್ತಾಯ್ತು?" ಅಂದ.

"ಪದ ಎಲ್ಲಿ ಗೊತ್ರಿ? ನನಗ ಬರೋದು ಓಂ ನಮಃ ಶಿವಾಯ. ಅದನ್ನ ಅಂದೆ. ಸರಿಯಾಗಿ ಕುಂತ್ಕಂತು."

ಪಾಸ್ಟರು ಕಣ್ಣು ಕಣ್ಣು ಬಿಟ್ಟರು. ಗೆಳೆಯ ಜನರೇಟರಿನ ಪಕ್ಕದಲ್ಲಿದ್ದ ಟೂಲ್ ಚೀಲದಿಂದ ಎರಡು ಸ್ಪ್ಯಾನರ್ ತೆಗೆದ. ಜನರೇಟರಿನ ತಗಡಿನ ಮುಚ್ಚಳದ ಮೇಲೆ ಮೆಲ್ಲಗೆ ಶುರು ಮಾಡಿದ. ನನ್ನಾಕೆ ನನ್ನ ಬಲಗಿವಿಯ ಕಡೆ ಬಂದು ನಿಂತು ಹಾಡಿದಳು. ಓಂ ನಮಃ ಅನ್ನುವಲ್ಲಿ ಎಳೆದಳು, ಅವನು ಕಾದ. ಅವನು ಮೂರು ಸಲ ಕುಟ್ಟಿದ, ಅವಳು ಶಿವಾಯ ಅನ್ನುವುದನ್ನು ಮೂರು ಸಲ ಏರಿಸಿದಳು.

ನನ್ನ ಕಾಲು ತಾನಾಗಿ ಕುಣಿಯತೊಡಗಿತು.

"ಲೋ!" ಅಂತ ಕಿರುಚಿದೆ. "ಇದು ನನ್ನ ಪೂಜೆ ಕಣೋ! ಬಾಗಲಗುಂಟೆ ರೂಮಿಂದು!"

"ಮತ್ತೆ?" ಅಂದ ಗೆಳೆಯ. "ನೀನು ಹೇಳ್ತಿದ್ದ ರಾಗಕ್ಕೆ ನಮ್ಮ ಪದ ಹಾಕಿದ್ದು. ಕೇಳಿದ ತಕ್ಷಣ ಹೊಡೆಯೋಕೆ ಬರ್ತೀಯ ಅಂತ ಕಾದೆ. ನೀನು ಬಂದು 'ಸಕ್ಕತ್' ಅಂದೆ. ಆವಾಗ್ಲೇ ಗೊತ್ತಾಯ್ತು ಕೇಳಿಲ್ಲ ಅಂತ. ನೀನಾಗೇ ಕಂಡುಹಿಡೀಲಿ ಅಂತ ಸುಮ್ನಿದ್ದೆ, ಮೂವತ್ತು ವರ್ಷ ಆಗೋಯ್ತು."

ಮೂವತ್ತು ವರ್ಷ ಊರೆಲ್ಲ ಅಲೆದು ಯಾವ ಹಾಡನ್ನು ಕೇಳಲಾರದೆ ಹೋದೆನೋ ಅದನ್ನು ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ನಾನೇ ಹಾಡಿಕೊಂಡು ಬಂದಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಡೀಸೆಲ್ ಕೈಯಲ್ಲೇ ಅವನನ್ನು ಅಪ್ಪಿಕೊಂಡೆ. "ಭುಜ, ಭುಜ!" ಅಂತ ಅವನು ಕೂಗಿದ.

ಪಾಸ್ಟರ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. ಮೂವತ್ತು ವರ್ಷ ಅವರ ಚರ್ಚಿನ ಹೆಮ್ಮೆಯ ಹಾಡು ಅದು. ಅವರು ನನ್ನ ಹಣೆಯನ್ನು ನೋಡಿದರು. ನೀಲಿ ಫೈಲು ಬಿಚ್ಚಿ ಪೊಲೀಸರದು, ಮೈಕಿನದು, ಫೈರ್‌ನವರದು, ಜನರೇಟರಿನದು ಅಂತ ಒಂದೊಂದೇ ಹಾಳೆ ಕೊನೆಯ ತನಕ ತಿರುವಿ ಹಾಕಿದರು. ಆಮೇಲೆ ಫೈಲು ಮುಚ್ಚಿ ಕೈಮುಗಿದರು.

"ಎಲ್ಲಾ ಪರ್ಮಿಷನ್ ತಗೊಂಡಿದ್ವಿ ಸಾರ್," ಅಂದರು, "ಇದೊಂದು ಬಿಟ್ಟು."